ರಿಸೀವರ್ ಕೊಳ್ಳುವ ಮೊದಲು ಟಿವಿಯ ಹಿಂಬದಿ ನೋಡಿ

ನಾಲ್ಕು ವರ್ಷದ ಹಿಂದೆ ದುಬೈಯಿಂದ ರಜೆಗೆ ಬಂದ ಭಾವ ಒಂದು ಎವಿ ರಿಸೀವರ್, ಅಂದರೆ ಟಿವಿ, ಪ್ಲೇಯರ್‌ಗಳ ಸದ್ದನ್ನು ಪಡೆದು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ ತಂದಿದ್ದರು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಅದನ್ನಿಟ್ಟು, ಐದು ಸ್ಪೀಕರ್, ಒಂದು ಸಬ್‌ವೂಫರ್ ಜೋಡಿಸಿ ಟಿವಿ ಹಾಕಿದರೆ ಸದ್ದು ಟಿವಿಯಿಂದಲೇ ಬರುತ್ತಿತ್ತು. "ಭಾವ, ಇದು ಹಾಳಾಗಿದೆಯಾ ಹೇಗೆ?" ಎಂದು ಕೇಳಿದೆ. ಹಾಳಾಗಿರಲಿಲ್ಲ. ಚಿತ್ರ, ಸದ್ದು ಎರಡನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್ ತಪ್ಪು ಪೋರ್ಟಿನಲ್ಲಿತ್ತು. ಆಮೇಲೆ ನೆಂಟರ ಮನೆಗಳಲ್ಲಿ ಇಂಥ ಜೋಡಣೆಗೆ ಕೈಹಾಕಿದಾಗಲೆಲ್ಲ ಕಂಡದ್ದು ಇದೇ: ಅಂಗಡಿಯಲ್ಲಿ ಎಲ್ಲರ ಕಣ್ಣು ವಾಟ್ ಸಂಖ್ಯೆಯ ಮೇಲೆ, ತೊಂದರೆ ಮಾತ್ರ ಹಿಂಬದಿಯ ಪೋರ್ಟುಗಳಲ್ಲಿ.

ಹಾಗಾಗಿ ಮೊದಲ ಕೆಲಸ ಮನೆಯಲ್ಲೇ ಆಗಲಿ. ಟಿವಿ, ಸೆಟ್‌ಟಾಪ್ ಬಾಕ್ಸ್, ಡಿಸ್ಕ್ ಪ್ಲೇಯರ್, ಹಳೆಯ ಸ್ಪೀಕರುಗಳು, ಇವೆಲ್ಲದರ ಹಿಂಬದಿಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಅಂಗಡಿಯವರಿಗೆ ಬಾಯಲ್ಲಿ ವಿವರಿಸುವುದಕ್ಕಿಂತ ಆ ಫೋಟೊ ತೋರಿಸುವುದು ಸುಲಭ.

ಟಿವಿಯಿಂದ ರಿಸೀವರಿಗೆ ಸದ್ದು

ಟಿವಿಯಲ್ಲಿ ಮೂರು ನಾಲ್ಕು ಎಚ್‌ಡಿಎಂಐ ಪೋರ್ಟ್ ಇದ್ದರೂ ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ 'ಎಆರ್‌ಸಿ' ಅಥವಾ 'ಇ-ಎಆರ್‌ಸಿ' ಎಂದು ಬರೆದಿರುತ್ತದೆ. ಎಆರ್‌ಸಿ ಅಥವಾ ಆಡಿಯೊ ರಿಟರ್ನ್ ಚಾನೆಲ್ ಎಂದರೆ ಟಿವಿಯ ಸದ್ದು ಅದೇ ಕೇಬಲಿನಲ್ಲಿ ರಿಸೀವರಿಗೆ ಹಿಂದಿರುಗುವ ದಾರಿ; ಇ-ಎಆರ್‌ಸಿ ಅದರ ಹೆಚ್ಚು ಸಾಮರ್ಥ್ಯದ ರೂಪ. ಆ ಪೋರ್ಟಿನಿಂದ ಹೊರಟ ಕೇಬಲ್ ರಿಸೀವರಿನಲ್ಲಿ ಸೇರಬೇಕಾದದ್ದು 'ಔಟ್' ಪೋರ್ಟಿಗೆ. ಸದ್ದು ರಿಸೀವರಿನ ಒಳಗೆ ಹೋಗಬೇಕಲ್ಲ ಎಂದುಕೊಂಡು ನಾವು 'ಇನ್' ಪೋರ್ಟಿಗೆ ಸಿಕ್ಕಿಸಿದ್ದೆವು. ಹೆಚ್ಚಿನವರು ಎಡವುವುದು ಇಲ್ಲೇ.

ಕೇಬಲ್ ಸರಿಯಾದ ಮೇಲೆ ಎರಡೂ ಕಡೆಯ ಮೆನುವಿನಲ್ಲಿ ಸಿಇಸಿ (ಎಚ್‌ಡಿಎಂಐ ಮೂಲಕ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಮಾಡಿ. ಸ್ಯಾಮ್‌ಸಂಗ್ ಟಿವಿಯಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಬಳಿಕ ಟಿವಿಯ ಡಿಜಿಟಲ್ ಆಡಿಯೊ ಔಟ್‌ಪುಟ್ 'ಪಿಸಿಎಂ' ಎಂದಿದ್ದರೆ 'ಆಟೊ' ಅಥವಾ 'ಪಾಸ್‌ತ್ರೂ' ಮಾಡಿ. ಪಿಸಿಎಂ ಎಂದರೆ ಸಂಕುಚಿತಗೊಳಿಸದ ಡಿಜಿಟಲ್ ಸದ್ದು; ಎಆರ್‌ಸಿ ದಾರಿಯಲ್ಲಿ ಅದು ಹೋಗುವುದು ಎರಡೇ ಚಾನೆಲ್, ಅಂದರೆ ಎಡ, ಬಲದ ಸದ್ದು ಮಾತ್ರ. ಹಿಂದಿನ ಸ್ಪೀಕರ್ ಮಾತಾಡುವುದಿಲ್ಲ ಎಂಬ ದೂರಿಗೆ ಹಲವು ಸಲ ಇದೊಂದೇ ಕಾರಣ.

ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರಲ್ಲಿ, ಇ-ಎಆರ್‌ಸಿ 2017ರ 2.1ರಲ್ಲಿ. ಒಟಿಟಿಯ ಆಟ್ಮೋಸ್ (ಮೇಲಿನಿಂದಲೂ ಸದ್ದು ಬರುವಂತೆ ಮಾಡುವ ಡಾಲ್ಬಿ ವಿಧಾನ) ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿರುವುದರಿಂದ, ಟಿವಿ ಅದನ್ನು ಮುಂದೆ ಕಳಿಸುವಂಥದ್ದಾದರೆ ಎಆರ್‌ಸಿಯೇ ಸಾಕು. ಬ್ಲೂರೇ ಡಿಸ್ಕಿನ ಗುಣಮಟ್ಟ ಕುಂದದ ಟ್ರೂಎಚ್‌ಡಿ ಸದ್ದಿಗೆ ಇ-ಎಆರ್‌ಸಿ ಬೇಕು, ಇಲ್ಲವೇ ಪ್ಲೇಯರನ್ನು ನೇರ ರಿಸೀವರಿಗೇ ಕೊಡಬೇಕು. ನಿಮ್ಮ ಟಿವಿಯಲ್ಲಿ ಸದ್ದು ಹೊರಡಲು ಆಪ್ಟಿಕಲ್ (ಬೆಳಕಿನಲ್ಲಿ ಸದ್ದು ಒಯ್ಯುವ) ಪೋರ್ಟ್ ಮಾತ್ರ ಇದ್ದರೆ ಬೇಸರ ಬೇಡ, ಹಳೆಯ ಡಾಲ್ಬಿ ಡಿಜಿಟಲ್ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಅದರಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ಆಟ್ಮೋಸ್ ಬರುವುದಿಲ್ಲ.

ಒಟಿಟಿ ಸ್ಟಿಕ್, ಪ್ಲೇಯರ್‌ಗಳನ್ನು ರಿಸೀವರಿಗೆ ಕೊಟ್ಟು ಚಿತ್ರವನ್ನು ಅಲ್ಲಿಂದ ಟಿವಿಗೆ ಕಳಿಸುವುದು ಇನ್ನೊಂದು ದಾರಿ. ಆಗ 4ಕೆ ಚಿತ್ರಕ್ಕೆ ರಿಸೀವರಿನಲ್ಲಿ ಎಚ್‌ಡಿಎಂಐ 2.0 ಮತ್ತು ಎಚ್‌ಡಿಸಿಪಿ 2.2 (ನಕಲು ತಡೆಯುವ ವ್ಯವಸ್ಥೆ) ಇರಲೇಬೇಕು. ಎಚ್‌ಡಿಸಿಪಿ ಹೊಂದದಿದ್ದರೆ 4ಕೆ ಚಿತ್ರದ ಬದಲು ಕಪ್ಪು ಪರದೆ ಬರಬಹುದು, ಇಲ್ಲವೇ 1080ಪಿಗೆ ಇಳಿಯಬಹುದು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇದನ್ನು ಕೇಳದೆ ಹಣ ಕೊಡಬೇಡಿ.

ಗಲ್ಫಿನಿಂದ ತರುವವರಿಗೆ

ನಮ್ಮ ಜಿಲ್ಲೆಯಲ್ಲಿ ಇದು ಮನೆಮನೆಯ ಮಾತು. ದುಬೈ, ಕುವೈತ್‌ನಲ್ಲಿ ಕೊಂಡ ಸೆಟ್ಟಿನ ಹಿಂದೆ 220ರಿಂದ 240 ವೋಲ್ಟ್, 50 ಹರ್ಟ್ಸ್ ಎಂದಿದ್ದರೆ ನಮ್ಮ 230 ವೋಲ್ಟಿನಲ್ಲಿ ಓಡುತ್ತದೆ. ಪ್ಲಗ್ ಮಾತ್ರ ಚೌಕ ಪಿನ್ನಿನದು. ಸಡಿಲ ಅಡಾಪ್ಟರಿನಲ್ಲಿ ಕಿಡಿ ಹಾರಿಸುವ ಬದಲು ವಯರನ್ನೇ ಬದಲಾಯಿಸಿ. ಅಮೆರಿಕದಿಂದ ತಂದದ್ದು 120 ವೋಲ್ಟಿನದು, ನೇರ ಕೊಟ್ಟರೆ ಸುಟ್ಟುಹೋಗುತ್ತದೆ.

ಸ್ಪೀಕರ್, ವಾಟ್, ಓಮ್

ಪೆಟ್ಟಿಗೆಯ ಮೇಲಿನ 150 ವಾಟ್ ಒಂದೇ ಚಾನೆಲ್ಲಿಗೆ, 6 ಓಮ್‌ನಲ್ಲಿ (ಓಮ್ ಎಂದರೆ ಸ್ಪೀಕರ್ ಒಡ್ಡುವ ವಿದ್ಯುತ್ ತಡೆಯ ಅಳತೆ), ಶೇ 10ರಷ್ಟು ಸದ್ದಿನ ವಿರೂಪದೊಂದಿಗೆ ಅಳೆದದ್ದಾಗಿರಬಹುದು. ಎರಡು ಚಾನೆಲ್, 8 ಓಮ್, 20ರಿಂದ 20,000 ಹರ್ಟ್ಸ್ ಎಂದು ಬರೆದ 80 ವಾಟ್ ಅದಕ್ಕಿಂತ ನಂಬಿಕೆಗೆ ಅರ್ಹ. ವಾಟ್ ಇಮ್ಮಡಿಯಾದರೂ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಚಾವಡಿಗೆ ಅಷ್ಟರ ಆಸೆ ಬೇಡ.

ಹಳೆಯ ಹೋಮ್ ಥಿಯೇಟರ್ ಸೆಟ್ಟಿನ ಪುಟ್ಟ ಸ್ಪೀಕರುಗಳನ್ನು ಹೊಸ ರಿಸೀವರಿಗೆ ಕೊಡುವ ಮೊದಲು ಹಿಂದಿನ ಚೀಟಿ ಓದಿ. ಹಲವು 3 ಅಥವಾ 4 ಓಮ್‌ನವು. ರಿಸೀವರ್ 6 ಓಮ್‌ಗಿಂತ ಕೆಳಗೆ ಒಪ್ಪದಿದ್ದರೆ ಬಿಸಿಯಾಗಿ ತಾನೇ ಆಫ್ ಆಗಬಹುದು.

ವಯರ್ ಜೋಡಿಸುವಾಗ ಸೆಟ್ಟಿನ ಪ್ಲಗ್ ತೆಗೆದಿರಲಿ. ತುದಿಯ ಸಿಪ್ಪೆ ಒಂದು ಸೆಂಟಿಮೀಟರ್ ಬಿಡಿಸಿ, ತಾಮ್ರದ ಎಳೆಗಳನ್ನು ಬತ್ತಿ ಹೊಸೆದಂತೆ ಬಿಗಿಯಾಗಿ ತಿರುಚಿ. ಕೂದಲಿನಂಥ ಒಂದೇ ಎಳೆ ಹೊರಚಾಚಿ ಪಕ್ಕದ ಟರ್ಮಿನಲ್ ಮುಟ್ಟಿದರೂ ಶಾರ್ಟ್ ಆಗುತ್ತದೆ, ಟಾರ್ಚ್ ಹಾಕಿ ನೋಡಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಅದಲುಬದಲಾದರೆ ತಗ್ಗು ಸ್ವರ ಸೊರಗುತ್ತದೆ. ಮನೆಯ ದೂರಗಳಿಗೆ 16 ಗೇಜ್ ವಯರ್ ಸಾಕು. ಕುಂಬಳೆ, ಉಪ್ಪಳದ ಕಡಲ ಬದಿಯಲ್ಲಿ ತಾಮ್ರ ಬೇಗ ಹಸಿರುಗಟ್ಟುವುದರಿಂದ ವರ್ಷಕ್ಕೊಮ್ಮೆ ತುದಿ ಕತ್ತರಿಸಿ ಹೊಸದಾಗಿ ಸಿಪ್ಪೆ ಬಿಡಿಸಿ.

ಸಬ್‌ವೂಫರಿನಿಂದ 'ಹ್ಞೂಂ' ಎಂಬ ಸದ್ದು ಬಿಡದೆ ಬರುತ್ತಿದ್ದರೆ ಡಿಶ್ ಅಥವಾ ಕೇಬಲ್ ಟಿವಿಯ ವಯರನ್ನು ಸೆಟ್‌ಟಾಪ್ ಬಾಕ್ಸಿನಿಂದ ಕಳಚಿ ನೋಡಿ. ಸದ್ದು ನಿಂತರೆ ತೊಂದರೆ ಆ ವಯರಿನ ಅರ್ತಿಂಗಿನಲ್ಲಿದೆ, ರಿಸೀವರಿನಲ್ಲಿಲ್ಲ.

ಕಿವಿಗೆ ಹೊಂದಿಸುವುದು

ಮುಂದಿನ ಎರಡು ಸ್ಪೀಕರ್ ನೀವು ಕೂರುವಲ್ಲಿಂದ ಟಿವಿಗೆ ಎಳೆದ ನಡುಗೆರೆಯಿಂದ 30 ಡಿಗ್ರಿ ಆಚೀಚೆ, ಬದಿಯವು ಸುಮಾರು 110 ಡಿಗ್ರಿ, ಅಂದರೆ ಭುಜಕ್ಕಿಂತ ತುಸು ಹಿಂದೆ. ಸಣ್ಣ ಸ್ಪೀಕರಿಗೆ ಕ್ರಾಸ್‌ಓವರ್ (ಅದಕ್ಕಿಂತ ತಗ್ಗಿನ ಸ್ವರ ಸಬ್‌ವೂಫರಿಗೆ ಹೋಗುವ ಗಡಿ) 80 ಹರ್ಟ್ಸ್ ಇಟ್ಟು ಶುರುಮಾಡಿ. ಸೆಟ್ಟಿನೊಂದಿಗೆ ಬರುವ ಮೈಕನ್ನು ನೀವು ಕೂರುವಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸಿ ಅಳತೆ ಮಾಡಿಸಿ. ಫ್ಯಾನ್ ಆಫ್ ಇರಲಿ, ತಗಡಿನ ಮಾಡಿಗೆ ಮಳೆ ಬಡಿಯುವಾಗಂತೂ ಬೇಡ. ಟೈಲ್ಸ್ ನೆಲಕ್ಕೆ ಒಂದು ದಪ್ಪ ಜಮಖಾನ ಹಾಸಿದರೆ ಮಾರ್ದನಿ ಕಡಿಮೆಯಾಗುತ್ತದೆ.

ಅಜ್ಜಿಗೆ ಸಿನಿಮಾದ ಮಾತು ಕೇಳಿಸುವುದಿಲ್ಲವೆಂದರೆ ಒಟ್ಟು ವಾಲ್ಯೂಮ್ ಏರಿಸಬೇಡಿ. ಮಾತು ಬರುವುದು ನಡುವಿನ ಸೆಂಟರ್ ಸ್ಪೀಕರಿನಿಂದ. ಅದರ ಮಟ್ಟವನ್ನಷ್ಟೇ 2–3 ಡೆಸಿಬಲ್ ಹೆಚ್ಚಿಸಿ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾಗಿ ಒಂದು ಮಾತು ಹೇಳಲೇಬೇಕು. ಯಕ್ಷಗಾನದ ಧ್ವನಿಮುದ್ರಣಗಳು ಬಹುಪಾಲು ಎರಡು ಚಾನೆಲಿನವು. ಅವನ್ನು ಸರೌಂಡ್ ಮೋಡಿನಲ್ಲಿ ಹಾಕಿದರೆ ಭಾಗವತರ ಕಂಠ ಕೋಣೆಯೆಲ್ಲ ಹರಡಿ, ಚೆಂಡೆಯ ಪೆಟ್ಟಿನ ಮೊನೆ ಮೊಂಡಾಗುತ್ತದೆ. ರಿಮೋಟಿನಲ್ಲಿ 'ಸ್ಟೀರಿಯೊ' ಅಥವಾ 'ಡೈರೆಕ್ಟ್' ಒತ್ತಿ ಕೇಳಿ. ಉರುಳಿಕೆಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಎದುರಿಗೇ ನಿಲ್ಲುತ್ತದೆ.

ಸಿಡಿಲು

ರಿಸೀವರಿನ ಮೇಲೆ 10 ಸೆಂಟಿಮೀಟರಾದರೂ ಗಾಳಿಗೆ ಜಾಗ ಬಿಡಿ. ಅದಕ್ಕಿಂತ ದೊಡ್ಡ ಶತ್ರು ತುಲಾ ತಿಂಗಳ ಸಂಜೆಯ ಗುಡುಗು. ಎರಡು ವರ್ಷದ ಹಿಂದೆ ನಮ್ಮಲ್ಲಿ ಕರೆಂಟಿನ ಪ್ಲಗ್ಗುಗಳನ್ನೆಲ್ಲ ಕಳಚಿಯೇ ಇಟ್ಟಿದ್ದೆವು. ಸಿಡಿಲು ಡಿಶ್ ಕೇಬಲಿನಲ್ಲಿ ಸೆಟ್‌ಟಾಪ್ ಬಾಕ್ಸಿಗೆ ಇಳಿದು, ಎಚ್‌ಡಿಎಂಐ ಹಿಡಿದು ರಿಸೀವರಿಗೆ ಬಂತು. ಬಾಕ್ಸ್ ಹೋಯಿತು, ರಿಸೀವರಿನ ಒಂದು ಇನ್‌ಪುಟ್ ಸತ್ತಿತು. ಈಗ ಮೋಡ ಕವಿದರೆ ಅಮ್ಮ ಅಂಗಳದ ಅಡಿಕೆಗೆ ಟಾರ್ಪಾಲು ಹೊದೆಸಲು ಹೋಗುವ ಮೊದಲು ಪ್ಲಗ್ ಮತ್ತು ಡಿಶ್ ಕೇಬಲ್ ಎರಡನ್ನೂ ಕಳಚಿಯೇ ಹೋಗುತ್ತಾರೆ.