ಒಂಬತ್ತನೇ ತಿಂಗಳ ಡೋಸ್

ನಮ್ಮ ಕಡೆ ಮಗು ಹುಟ್ಟುವುದು ತವರಲ್ಲಿ, ಬೆಳೆಯುವುದು ಅಪ್ಪನ ಮನೆಯಲ್ಲಿ. ಬಾಣಂತನ ಮುಗಿಸಿ ಮೂರು ತಿಂಗಳಿಗೋ ಐದಕ್ಕೋ ತಾಯಿ ಮಗು ಗಂಡನ ಮನೆಗೆ ಬರುತ್ತಾರೆ. ಹೊಸನಗರ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ನಾನು ಹದಿನೈದು ವರ್ಷದಿಂದ ಲಸಿಕೆ ಹಾಕುತ್ತಿದ್ದೇನೆ. ಈ ಓಡಾಟದಲ್ಲೇ ನ್ಯುಮೋನಿಯಾ ತಡೆಯಲು ಹಾಕುವ ಪಿಸಿವಿ ಲಸಿಕೆಯ ಒಂದು ಡೋಸ್ ಕಳೆದುಹೋಗುತ್ತದೆ ಅಂತ ನನಗೆ ಗೊತ್ತಾಗಿದ್ದು ಒಂದು ಮಗು ಕಾಯಿಲೆ ಬಿದ್ದ ಮೇಲೆ.

ಮೂರು ವರ್ಷದ ಹಿಂದಿನ ಮಾತು. ಆಷಾಢದ ಮಳೆ, ಬೆಳಿಗ್ಗೆಯಿಂದ ಕರೆಂಟಿಲ್ಲ. ತೋಟದ ಆಚೆಯ ಒಂಟಿ ಮನೆಯಲ್ಲಿ ಕೂಸಿಗೆ ಕೆಮ್ಮು ಜಾಸ್ತಿಯಾಗಿದೆ ಅಂತ ಆಶಾ ಕಾರ್ಯಕರ್ತೆ ಫೋನ್ ಮಾಡಿದಳು. ಹೋದೆ. ಹತ್ತು ತಿಂಗಳ ಗಂಡು ಮಗು, ಅಜ್ಜಿಯ ಮಡಿಲಲ್ಲಿ ಮಲಗಿತ್ತು. ಮೇಲೊಂದು ಸ್ವೆಟರ್, ಒಳಗೆ ಎರಡು ಅಂಗಿ, ತಲೆಗೆ ಕುಲಾವಿ. ಬಚ್ಚಲ ಒಲೆಯ ಹೊಗೆ ಒಳಮನೆವರೆಗೂ ಬಂದಿತ್ತು.

"ಅಜ್ಜಿ, ಸ್ವಲ್ಪ ಅಂಗಿ ಎತ್ತಿ" ಅಂದೆ.

"ಥಂಡಿ ಹಿಡೀತದೆ ಸಿಸ್ಟರೇ."

"ಒಂದೇ ನಿಮಿಷ. ಹೊಟ್ಟೆ ಕಾಣಬೇಕು ನಂಗೆ."

ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು ಉಸಿರು ಎಣಿಸಲು ಶುರು ಮಾಡಿದೆ. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಅಜ್ಜಿ ಕಾಲು ಅಲ್ಲಾಡಿಸಿದರು, ಕೂಸು ಅತ್ತಿತು. ಅಳುವಾಗ ಎಣಿಸಿದರೆ ಲೆಕ್ಕಕ್ಕೆ ಬರುವುದಿಲ್ಲ, ಹಾಲು ಕುಡಿಯುವಾಗಲೂ ಅಷ್ಟೆ. ಸುಮ್ಮನಾಗುವ ತನಕ ಕಾದು ಮತ್ತೆ ಒಂದರಿಂದ ಎಣಿಸಿದೆ. 58 ಬಂತು. ಒಂದೊಂದು ಉಸಿರಿಗೂ ಪಕ್ಕೆಯ ಕೆಳಗೆ ಚರ್ಮ ಗುಳಿ ಬಿದ್ದು ಮೇಲೇಳುತ್ತಿತ್ತು. ಅಜ್ಜಿ ಅದನ್ನು ಅಷ್ಟು ಹೊತ್ತಿಗೆ ಮೊದಲ ಸಲ ನೋಡಿದರು. ಮೂರು ಪದರ ಬಟ್ಟೆಯ ಒಳಗೆ ಅದು ಯಾರಿಗೆ ಕಾಣುತ್ತದೆ ಹೇಳಿ?

ನಾನೂ ಮೊದಲೆಲ್ಲ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದೆ. ಅದು ತಪ್ಪು. ಎಳೆ ಮಕ್ಕಳ ಉಸಿರು ಒಂದೇ ಸಮನೆ ಇರುವುದಿಲ್ಲ, ಒಮ್ಮೆ ಜೋರು, ಒಮ್ಮೆ ನಿಧಾನ. ಪೂರ್ತಿ ಒಂದು ನಿಮಿಷ ಎಣಿಸಲೇಬೇಕು. ಎರಡು ತಿಂಗಳೊಳಗಿನ ಮಗುವಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಆಮೇಲೆ ಐದು ವರ್ಷದವರೆಗೆ 40. ಅಷ್ಟಾದರೂ, ಅದಕ್ಕಿಂತ ಹೆಚ್ಚಾದರೂ ಡಾಕ್ಟರ್ ಹತ್ತಿರ ಹೋಗಬೇಕು. ಪಕ್ಕೆ ಎಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಕಣ್ಣು ಬಿಡದೆ ಮಂಕಾಗಿದ್ದರೆ ನಾಳೆ ನೋಡೋಣ ಅನ್ನುವ ಮಾತೇ ಬೇಡ.

ಪಕ್ಕದ ಮನೆಯವರ ಜೀಪಿನಲ್ಲಿ ಹೊರಟೆವು. ಕೊನೆಗೆ ಶಿವಮೊಗ್ಗದವರೆಗೆ ಹೋಗಬೇಕಾಯಿತು, ಆಕ್ಸಿಜನ್ ಕೊಟ್ಟರು. ಎಂಟನೇ ದಿನಕ್ಕೆ ಮಗು ಮನೆಗೆ ಬಂತು. ನೋಡಲು ಹೋದಾಗ ತಾಯಿ ಕಾರ್ಡ್ ಕೇಳಿದೆ. ಆರು ವಾರದ್ದು, ಹದಿನಾಲ್ಕು ವಾರದ್ದು ತವರಲ್ಲಿ ಹಾಕಿಸಿದ್ದರು. ಒಂಬತ್ತು ತಿಂಗಳ ಸಾಲು ಖಾಲಿ. ದಡಾರದ್ದೂ ಇಲ್ಲ, ಪಿಸಿವಿ ಮೂರನೆಯದೂ ಇಲ್ಲ. ತವರಿನ ಪಟ್ಟಿಯಲ್ಲಿ ಮಗು ಗಂಡನ ಮನೆಗೆ ಹೋಗಿದೆ. ನನ್ನ ಪಟ್ಟಿಗೆ ಬಂದೇ ಇಲ್ಲ. ಸೊಸೆ ಬಂದಿದ್ದಾಳೆ ಅಂತ ಆಶಾ ನಾಲ್ಕು ತಿಂಗಳ ಹಿಂದೆಯೇ ಹೇಳಿದ್ದಳು. ಕಾರ್ಡ್ ನೋಡದೆ ಬಿಟ್ಟವಳು ನಾನು.

ಆ ಡೋಸ್ ತಪ್ಪಿದ್ದಕ್ಕೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ. ನ್ಯುಮೋನಿಯಾ ವೈರಸ್‌ನಿಂದಲೂ ಬರುತ್ತದೆ, ಬೇರೆ ಬ್ಯಾಕ್ಟೀರಿಯಾದಿಂದಲೂ ಬರುತ್ತದೆ. ಪಿಸಿವಿ ತಡೆಯುವುದು ನ್ಯುಮೋಕಾಕಸ್ ಅನ್ನುವ ಬ್ಯಾಕ್ಟೀರಿಯಾವನ್ನು. ಅದು ಆರೋಗ್ಯವಾಗಿರುವ ಮಕ್ಕಳ ಮೂಗು ಗಂಟಲಲ್ಲೂ ಇರುತ್ತದೆ. ಶ್ವಾಸಕೋಶಕ್ಕೋ ರಕ್ತಕ್ಕೋ ಮಿದುಳಿನ ಪೊರೆಗೋ ಇಳಿದಾಗ ಅಪಾಯ. ಅದರಲ್ಲಿ ತೊಂಬತ್ತಕ್ಕೂ ಹೆಚ್ಚು ಬಗೆಗಳಿವೆ, ಲಸಿಕೆಯಲ್ಲಿ ಇರುವುದು ಹೆಚ್ಚು ಕಾಯಿಲೆ ತರುವ ಕೆಲವು ಬಗೆ. ಹಾಗಾಗಿ "ಲಸಿಕೆ ಹಾಕಿಸಿದ್ರೂ ನೆಗಡಿ ಬಂತಲ್ಲ" ಅಂತ ಬರುವ ತಾಯಂದಿರಿಗೆ ನೇರವಾಗಿ ಹೇಳುತ್ತೇನೆ: ನೆಗಡಿಗೆ ಇದು ಲಸಿಕೆ ಅಲ್ಲ. ನೆಗಡಿ ಬರುತ್ತದೆ, ಹೋಗುತ್ತದೆ. ಮಗುವನ್ನು ಕೊಲ್ಲಬಲ್ಲ ಒಂದು ಕಾಯಿಲೆಗೆ ಇದು ಅಡ್ಡ ನಿಲ್ಲುತ್ತದೆ. ಮೊದಲು ಖಾಸಗಿಯಲ್ಲಿ ಒಂದು ಡೋಸ್‌ಗೆ ಸಾವಿರಾರು ರೂಪಾಯಿ ಕೊಡಬೇಕಿತ್ತು. ಸರ್ಕಾರಿ ಲಸಿಕೆ ಪಟ್ಟಿಗೆ 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಸೇರಿತು, 2021ರಲ್ಲಿ ಇಡೀ ದೇಶಕ್ಕೆ ಬಂತು. ಈಗ ನಮ್ಮ ಅಂಗನವಾಡಿಯಲ್ಲೇ ಗುರುವಾರ ಪುಕ್ಕಟೆ ಸಿಗುತ್ತದೆ.

ಆರನೇ ವಾರದಲ್ಲಿ ಅಜ್ಜಿಯಂದಿರದ್ದು ಒಂದೇ ತಕರಾರು. "ಇಷ್ಟು ಸಣ್ಣ ಕೂಸಿಗೆ ಒಂದೇ ದಿನ ಮೂರು ಸೂಜಿಯಾ?" ಎಡ ತೊಡೆಗೆ ಐದು ಕಾಯಿಲೆಗೆ ಒಟ್ಟಿಗೆ ಹಾಕುವ ಪೆಂಟಾ, ಬಲ ತೊಡೆಗೆ ಪಿಸಿವಿ, ಬಲ ತೋಳಿಗೆ ಪೋಲಿಯೊ. ಮಂಗನ ಕಾಯಿಲೆ ಲಸಿಕೆ ಹಾಕಿಸಿಕೊಂಡು ಉರಿ ತಿಂದ ಊರುಗಳಿವು, ಸೂಜಿ ಅಂದರೆ ಹೆದರುವುದು ಸಹಜ. ಅವರ ಜೊತೆ ವಾದಕ್ಕೆ ಇಳಿಯುವುದಿಲ್ಲ. ಮೊದಲು ಬಾಯಿಗೆ ಹಾಕುವ ಹನಿ ಕೊಡುತ್ತೇನೆ. ಸೂಜಿಯ ಹೊತ್ತಿಗೆ ಮಗು ತಾಯಿಯ ಮಡಿಲಲ್ಲೇ ಇರಬೇಕು, ಮುಗಿದ ಕೂಡಲೇ ಹಾಲು. ಅರ್ಧ ಗಂಟೆ ಅಲ್ಲೇ ಕೂರಿಸಿ, ಜ್ವರ ಬಂದರೆ ಎಷ್ಟು ಹನಿ ಪ್ಯಾರಸಿಟಮಾಲ್ ಅಂತ ಅಷ್ಟರಲ್ಲಿ ಹೇಳಿ ಕಳಿಸುತ್ತೇನೆ.

ಮಳೆಗಾಲದಲ್ಲಿ ಇನ್ನೊಂದು ಚಿಂತೆ ಲಸಿಕೆಯ ಪೆಟ್ಟಿಗೆಯದ್ದು. ತಂಪು ಬೇಕು, ಆದರೆ ಹೆಪ್ಪುಗಟ್ಟಿದರೆ ಪಿಸಿವಿ ಹಾಳು. ಐಸ್ ಪ್ಯಾಕನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಪೆಟ್ಟಿಗೆಗೆ ಇಡುವುದಿಲ್ಲ. ಮೇಲೆ ನೀರಿನ ಹನಿ ಕೂರಬೇಕು, ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಬರಬೇಕು. ಆಮೇಲೆಯೇ ಇಡುವುದು. ಎಷ್ಟೇ ಗಡಿಬಿಡಿ ಇದ್ದರೂ ಇದನ್ನು ಬೇರೆಯವರಿಗೆ ಬಿಡುವುದಿಲ್ಲ.

ಮನೆಗೆ ಹೋದಾಗ ಎರಡು ವಿಷಯ ತಪ್ಪದೆ ನೋಡುತ್ತೇನೆ. ಒಂದು ಹೊಗೆ. ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ, ಸ್ನಾನವಾದ ಮೇಲೆ ಕೂಸಿಗೆ ಹಿಡಿಯುವ ಲೋಬಾನ. ಒಲೆ ಉರಿಸಬೇಡಿ ಅಂತ ಮಲೆನಾಡಿನಲ್ಲಿ ಹೇಳಲು ಆಗುತ್ತದಾ? ತೊಟ್ಟಿಲು ಆಚೆ ಕೋಣೆಗೆ ಹೋಗಲಿ, ಲೋಬಾನ ನಿಲ್ಲಲಿ ಅನ್ನುತ್ತೇನೆ, ಅಷ್ಟನ್ನು ಜನ ಕೇಳುತ್ತಾರೆ. ಇನ್ನೊಂದು ಮೂಗಿಗೆ ಎಣ್ಣೆ ಬಿಡುವುದು. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ನ್ಯುಮೋನಿಯಾ ಆಗಬಹುದು. ಇದಕ್ಕೆ ಮಾತ್ರ ಗಟ್ಟಿಯಾಗಿ ಬೇಡ ಅನ್ನುತ್ತೇನೆ.

ಆ ಮಳೆಗಾಲದಿಂದ ನನ್ನ ಬ್ಯಾಗಿನಲ್ಲಿ ಒಂದು ಉದ್ದ ನೋಟ್‌ಬುಕ್ ಇದೆ. ಹದಿನಾಲ್ಕು ವಾರದ ಡೋಸ್ ಹಾಕುವ ದಿನವೇ ಕೇಳುತ್ತೇನೆ, "ಗಂಡನ ಮನೆಗೆ ಯಾವಾಗ ಹೋಗ್ತೀ? ಯಾವ ಊರು? ಅಲ್ಲಿನ ಆಶಾ ಯಾರು?" ಗೊತ್ತಿಲ್ಲದಿದ್ದರೆ ಗಂಡನಿಗೆ ಅಲ್ಲಿಂದಲೇ ಫೋನ್ ಮಾಡಿಸುತ್ತೇನೆ. ಒಂಬತ್ತು ತಿಂಗಳು ತುಂಬುವ ತಾರೀಖನ್ನು ಕಾರ್ಡಿನ ಹೊರಗೆ ದಪ್ಪಕ್ಷರದಲ್ಲಿ ಬರೆದು, "ದಡಾರದ ಲಸಿಕೆ ದಿನ ತೊಡೆಗೂ ಒಂದು ಇದೆ, ಕೇಳಿ ಹಾಕಿಸ್ಕೋ" ಅನ್ನುತ್ತೇನೆ. ನನ್ನ ಊರಿಗೆ ಬರುವ ಸೊಸೆಯಂದಿರ ಕಾರ್ಡನ್ನು ಬಂದ ವಾರದಲ್ಲೇ ನೋಡುತ್ತೇನೆ. ತಡವಾಗಿದ್ದರೂ ಬೈಯುವುದಿಲ್ಲ. ಬೈದರೆ ಮುಂದಿನ ಸಲ ಬರುವುದೇ ಇಲ್ಲ. ಈಗ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆ ಯು-ವಿನ್‌ನಲ್ಲಿ ಎಲ್ಲಿ ಹಾಕಿಸಿದರೂ ಕಾಣುತ್ತದೆ, ನಿಜ. ಆದರೆ ನಮ್ಮ ಗುಡ್ಡದ ಹಿಂದೆ ನೆಟ್‌ವರ್ಕ್ ಸಿಗುವುದಿಲ್ಲ.

ಈ ತಿಂಗಳು ನೋಟ್‌ಬುಕ್‌ನಲ್ಲಿ ಐದು ಹೆಸರು ಇದ್ದವು. ಸಾಗರದ್ದು ಎರಡು, ತೀರ್ಥಹಳ್ಳಿಯದ್ದು ಒಂದು ಆಯಿತು. ಸೊರಬದ ಮಗುವಿಗೆ ಮುಂದಿನ ಗುರುವಾರ. ಬೆಂಗಳೂರಿಗೆ ಹೋದ ಹುಡುಗಿಯ ನಂಬರ್ ಮಾತ್ರ ಬದಲಾಗಿದೆ. ಭಾನುವಾರ ಅವಳ ಅಮ್ಮನ ಮನೆಗೆ ಹೋಗಿ ಹೊಸ ನಂಬರ್ ಕೇಳಬೇಕು.