ಬ್ರಾಯ್ಲರ್ ಫೀಡಿಗೆ ನಾನು ಬೆರೆಸುವುದು, ಬಿಟ್ಟಿದ್ದು

ಬ್ರಾಯ್ಲರ್, ಅಂದರೆ ಮಾಂಸದ ಕೋಳಿ, ಸಾಕುವವರನ್ನು ಹುಡುಕಿಕೊಂಡು ಪುಡಿ, ದ್ರಾವಣ ಮಾರುವವರು ಬರುತ್ತಲೇ ಇರುತ್ತಾರೆ. ಎಲ್ಲರದ್ದೂ ಒಂದೇ ಮಾತು: ತೂಕ ಜಾಸ್ತಿ ಬರುತ್ತೆ, ಮರಿ ಸಾಯೋದು ಕಡಿಮೆ ಆಗುತ್ತೆ. ಅದು ಕೋಳಿಯ ಹೊಟ್ಟೆಯೊಳಗೆ ಮಾಡುವ ಕೆಲಸ ಏನು ಅಂತ ನಾನು ಕೇಳುತ್ತೇನೆ. ಸರಿಯಾದ ಉತ್ತರ ಬರದಿದ್ದರೆ ತೆಗೆದುಕೊಳ್ಳುವುದಿಲ್ಲ.

ಫೀಡನ್ನು ನಾನೇ ಅರೆದು ಬೆರೆಸುತ್ತೇನೆ. ಮೆಕ್ಕೆಜೋಳ, ಸೋಯಾ ಹಿಂಡಿಯೇ ಅದರ ಬಹುಪಾಲು. ಹಾಗಾಗಿ ಮೊದಲ ಚಿಂತೆ ಬೂಷ್ಟಿನದು. ಜೋಳದ ತೇವಾಂಶ ಶೇಕಡಾ 14 ದಾಟಿದರೆ ದಾಸ್ತಾನಿನಲ್ಲಿ ಬೂಷ್ಟು ಹಿಡಿಯುವ ಭಯ. ಬೂಷ್ಟಿನ ವಿಷವನ್ನು ಹಿಡಿದಿಡುವ ಟಾಕ್ಸಿನ್ ಬೈಂಡರ್ ಹಾಕುತ್ತೇನೆ, ಆದರೆ ಅದನ್ನೇ ನಂಬಿ ಕೂರುವುದಿಲ್ಲ. ಬೆಂಟೊನೈಟ್‌ನಂಥ ಜೇಡಿಮಣ್ಣಿನ ಬೈಂಡರ್ ಅಫ್ಲಾಟಾಕ್ಸಿನ್ ಅನ್ನುವ ಬೂಷ್ಟಿನ ವಿಷವನ್ನು ಚೆನ್ನಾಗಿ ಹಿಡಿಯುತ್ತದೆ. ಟಿ-2 ಅನ್ನುವ ಇನ್ನೊಂದು ವಿಷಕ್ಕೆ ಅದು ಹೆಚ್ಚು ಪ್ರಯೋಜನವಿಲ್ಲ. ಕೋಳಿಯ ಬಾಯಿ ತೆರೆದು ನೋಡಿದಾಗ ಕೊಕ್ಕಿನ ಅಂಚಿನಲ್ಲಿ, ನಾಲಿಗೆಯ ಮೇಲೆ ಹಳದಿ ಹುಣ್ಣು ಕಂಡರೆ ನನ್ನ ಮೊದಲ ಅನುಮಾನ ಟಿ-2 ಮೇಲೆಯೇ. ಆಗ ಬೈಂಡರ್ ಹೆಚ್ಚಿಸುವುದಿಲ್ಲ, ಆ ಜೋಳವನ್ನೇ ನಿಲ್ಲಿಸುತ್ತೇನೆ.

ಕಣ್ಣು ಮುಚ್ಚಿ ಹಾಕುವುದು ಅಂತಿದ್ದರೆ ಫೈಟೇಸ್ ಎಂಜೈಮ್. ಕಾಳು, ಹಿಂಡಿಯಲ್ಲಿರುವ ರಂಜಕದ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ರೂಪದಲ್ಲಿರುತ್ತದೆ. ಕೋಳಿಗೆ ಅದನ್ನು ಒಡೆದು ಬಳಸಿಕೊಳ್ಳಲು ಅಷ್ಟಾಗಿ ಆಗುವುದಿಲ್ಲ. ಫೈಟೇಸ್ ಆ ಕೆಲಸ ಮಾಡಿಕೊಡುತ್ತದೆ. ಆದರೆ ಫಾರ್ಮುಲಾದಲ್ಲಿ ರಂಜಕಕ್ಕಾಗಿ ಹಾಕುವ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಇಳಿಸದೆ ಫೈಟೇಸ್ ಸುಮ್ನೆ ಸೇರಿಸಿದರೆ ಖರ್ಚೇ ಜಾಸ್ತಿ, ಅಲ್ವಾ?

ಪ್ರೊಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ, ವಿಷಯಕ್ಕೆ ಬಂದರೆ, ಚೀಟಿಯ ಮೇಲೆ ಯಾವ ಬ್ಯಾಕ್ಟೀರಿಯಾ ಅಂತ ಓದಬೇಕು. ಫೀಡನ್ನು ಒತ್ತಿ ಪೆಲೆಟ್ (ಗುಳಿಗೆ) ಮಾಡುವಾಗಿನ 80 ಡಿಗ್ರಿ ಶಾಖಕ್ಕೆ ಲ್ಯಾಕ್ಟೊಬ್ಯಾಸಿಲಸ್ ಬಹುತೇಕ ಸತ್ತೇ ಹೋಗುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್ ಬೀಜಕದ ರೂಪದಲ್ಲಿರುವುದರಿಂದ ತಡೆದುಕೊಳ್ಳುತ್ತದೆ. ನನ್ನದು ಪುಡಿ ಫೀಡೇ ಆದರೂ ನಾನು ಬ್ಯಾಸಿಲಸ್ ಅನ್ನೇ ಹಾಕುತ್ತೇನೆ, ಚೀಲದಲ್ಲಿ ಕೆಡದೆ ಉಳಿಯುತ್ತದೆ ಅಂತ. ಕ್ಲೋರಿನ್ ಹಾಕಿದ ನೀರಿನಲ್ಲಿ ಪ್ರೊಬಯಾಟಿಕ್ ಕಲಸಿ ಕೊಡುವವರನ್ನು ನೋಡಿದ್ದೇನೆ. ಕಲಸಿದಲ್ಲೇ ಕೊಂದ ಹಾಗೆ!

ಆರ್ಗ್ಯಾನಿಕ್ ಆಸಿಡ್ ಅನ್ನು ನೀರಿನಲ್ಲಿ ಕೊಡುತ್ತೇನೆ. ಪಿಎಚ್ ಪಟ್ಟಿ ಅದ್ದಿ ನೋಡದೆ ಕೊಡುವುದಿಲ್ಲ. ನೀರು ತೀರಾ ಹುಳಿಯಾದರೆ ಕೋಳಿ ಕುಡಿಯುವುದು ಕಡಿಮೆ ಮಾಡುತ್ತದೆ, ಕುಡಿಯದ ಕೋಳಿ ತಿನ್ನುವುದೂ ಇಲ್ಲ. ಪೈಪಿನೊಳಗಿನ ಲೋಳೆ ಕಿತ್ತು ಬಂದು ಕೋಳಿ ನೀರು ಕುಡಿಯುವ ನಿಪ್ಪಲ್ ಕಟ್ಟಿಕೊಳ್ಳುವುದೂ ಉಂಟು. ಅದಕ್ಕೇ ಬ್ಯಾಚಿನ ನಡುವಿನ ಬಿಡುವಿನಲ್ಲಿ ಪೈಪ್ ತೊಳೆದುಬಿಡುತ್ತೇನೆ. ನೀರಿನಲ್ಲಿ ಲಸಿಕೆ ಕೊಡುವಾಗ ಆಸಿಡ್, ಕ್ಲೋರಿನ್ ಎರಡೂ ಬಂದ್.

ಹೊಸದೇನಾದರೂ ಪರೀಕ್ಷಿಸಬೇಕಾದರೆ ಶೆಡ್ಡಿಗೆ ಅಡ್ಡ ಬಲೆ ಕಟ್ಟಿ ಎರಡು ಪಾಲು ಮಾಡುತ್ತೇನೆ. ಒಂದೇ ಹ್ಯಾಚರಿಯ ಮರಿ, ಒಂದೇ ಫೀಡ್, ಆ ಒಂದು ಪುಡಿ ಮಾತ್ರ ವ್ಯತ್ಯಾಸ. ಒಟ್ಟಿಗೆ ಎರಡು ಪುಡಿ ಶುರು ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಹೇಳುವವರಾರು? ವಾರಕ್ಕೊಮ್ಮೆ ಬೆಳಿಗ್ಗೆ ಅದೇ ಹೊತ್ತಿಗೆ ತೂಗುತ್ತೇನೆ. ಹಾಕಿದ ಫೀಡನ್ನೂ ಬರೆದಿಡುತ್ತೇನೆ. 2 ಕೆಜಿ ಕೋಳಿ 3.2 ಕೆಜಿ ತಿಂದಿದ್ದರೆ, ತಿಂದ ಫೀಡನ್ನು ಬಂದ ತೂಕದಿಂದ ಭಾಗಿಸುವ ಲೆಕ್ಕ, ಅಂದರೆ ಎಫ್‌ಸಿಆರ್ 1.6. ತೂಕ ಒಂದೇ ಇದ್ದು ಎಫ್‌ಸಿಆರ್ ಇಳಿದರೂ ನನಗೆ ಅದು ಲಾಭವೇ.

ತಕ್ಕಡಿಗಿಂತ ಮುಂಚೆ ಹೇಳುವುದು ಮಾತ್ರ ಲಿಟರ್, ಅಂದರೆ ಶೆಡ್ಡಿನ ನೆಲದ ಹಾಸು. ಒಂದು ಹಿಡಿ ತೆಗೆದು ಬಿಗಿಯಾಗಿ ಅದುಮಿ ಕೈ ಬಿಚ್ಚುತ್ತೇನೆ. ಸ್ವಲ್ಪ ಅಂಟಿದಂತಾಗಿ ಉದುರಿಹೋದರೆ ಸರಿ. ಉಂಡೆಯಾಗಿ ಹಾಗೇ ನಿಂತರೆ ಒದ್ದೆ ಜಾಸ್ತಿ ಅಂತ ಅರ್ಥ. ನಿಪ್ಪಲ್ ಸೋರುತ್ತಿಲ್ಲ, ಗಾಳಿ ಚೆನ್ನಾಗಿದೆ, ಆದರೂ ಲಿಟರ್ ಒದ್ದೆ ಅಂದರೆ ಹೊಟ್ಟೆ ಕೆಟ್ಟಿದೆ. ಹಿಕ್ಕೆಯಲ್ಲಿ ಜೀರ್ಣವಾಗದ ಜೋಳದ ತುಣುಕೂ ಕಾಣುತ್ತದೆ. ಬ್ಯಾಸಿಲಸ್ ಹಾಕಿದ ಪಾಲಿನಲ್ಲಿ ಲಿಟರ್ ಒಣಗಿತ್ತು, ಅಂಗಾಲಿನ ಹುಣ್ಣೂ ಕಡಿಮೆ ಇತ್ತು. ಅದಕ್ಕೇ ಅದು ನನ್ನ ಪಟ್ಟಿಯಲ್ಲಿ ಉಳಿಯಿತು. ಲಿವರ್ ಟಾನಿಕ್‌ನಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ, ಬಿಟ್ಟೆ.

ಇನ್ನು ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ರೋಗ ತಡೆಯುವ ಔಷಧಿ. ಅಂಥ ಔಷಧಿಗಳಾದ ಮೊನೆನ್ಸಿನ್ ಅಥವಾ ಸಲಿನೊಮೈಸಿನ್ ಇರುವ ಫೀಡ್ ತಿನ್ನುತ್ತಿರುವ ಕೋಳಿಗೆ ಟಿಯಾಮುಲಿನ್ ಅನ್ನುವ ಆ್ಯಂಟಿಬಯಾಟಿಕ್ ಕೊಟ್ಟರೆ ವಿಷವಾಗುತ್ತದೆ. ಆದ್ದರಿಂದ ವೈದ್ಯರು ಏನೇ ಔಷಧಿ ಬರೆದುಕೊಡುವ ಮೊದಲು ಫೀಡಿನಲ್ಲಿ ಏನೇನಿದೆ ಅಂತ ಅವರಿಗೆ ಹೇಳಿಬಿಡುತ್ತೇನೆ. ಆ ಫೀಡ್ ಚೀಲವನ್ನು ಕುದುರೆಗೆ ಎಟುಕುವಂತೆಯೂ ಇಡಬಾರದು, ಮೊನೆನ್ಸಿನ್ ಸ್ವಲ್ಪವೇ ಹೊಟ್ಟೆಗೆ ಹೋದರೂ ಅದರ ಪ್ರಾಣಕ್ಕೆ ಕುತ್ತು.