ಪ್ರೈಜ್ ಕೊಟ್ಟು ಪ್ರೈಜ್ ಎತ್ತುವುದು: ಚಾರಿಜಾರ್ಡ್–ಡಸ್ಕ್‌ನಾಯರ್ ಡೆಕ್ ಆಡಿದ ನನ್ನ ಅನುಭವ

ಪೊಕೆಮಾನ್ ಕಾರ್ಡ್ ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಒಬ್ಬೊಬ್ಬರಿಗೂ ಸರಿಯಾಗಿ 60 ಕಾರ್ಡಿನ ಡೆಕ್. ಬೇಸಿಕ್ ಎನರ್ಜಿ (ದಾಳಿಗೆ ಬೇಕಾದ ಇಂಧನದ ಕಾರ್ಡು) ಬಿಟ್ಟರೆ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆಟ ಶುರುವಾದಾಗ ಏಳು ಕಾರ್ಡು ಕೈಗೆ ಬರುತ್ತವೆ, ಆರು ಮಗುಚಿಕೊಂಡು ಪಕ್ಕಕ್ಕೆ ಹೋಗುತ್ತವೆ. ಆ ಆರೇ ಪ್ರೈಜ್ ಕಾರ್ಡು. ಎದುರಾಳಿಯ ಒಂದು ಪೊಕೆಮಾನ್ ಕೆಡವಿದರೆ ನಿಮ್ಮ ಪ್ರೈಜುಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತೀರಿ. ಬಿದ್ದದ್ದು ಇಎಕ್ಸ್ ಅಥವಾ ವಿ ಎಂಬ ಬಲಿಷ್ಠ ಬಗೆಯದಾಗಿದ್ದರೆ ಎರಡು. ಆರನ್ನೂ ಮೊದಲು ಎತ್ತಿ ಮುಗಿಸಿದವರು ಗೆದ್ದ ಹಾಗೆ.

ಕೇಳಿದವರಿಗೆ ಇದು ಬರೀ ಓಟ ಅನಿಸುತ್ತದೆ. ಯಾರು ಮೊದಲು ಹೊಡೆಯುತ್ತಾರೋ ಅವರೇ ಮುಂದೆ. ಹೆಚ್ಚಿನ ಡೆಕ್‌ಗಳು ಇದೇ ಲೆಕ್ಕದ ಮೇಲೆ ನಿಂತಿವೆ, ತಪ್ಪೇನಿಲ್ಲ. ಆದರೆ 2024–25ರ ಸೀಸನ್ನಿನಲ್ಲಿ ನಾನು ಹಿಡಿದದ್ದು ಬೇಕೆಂದೇ ಹಿಂದೆ ಬೀಳುವ ಡೆಕ್. ಅದನ್ನು ಹೇಗೆ ಕಟ್ಟಿದೆ, ಟೇಬಲ್ ಮೇಲೆ ಹೇಗೆ ಆಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲದರ ನಡುವೆ ಇರುವುದು 2023ರಲ್ಲಿ ಒಬ್ಸಿಡಿಯನ್ ಫ್ಲೇಮ್ಸ್ ಸೆಟ್‌ನಲ್ಲಿ ಬಂದ ಚಾರಿಜಾರ್ಡ್ ಇಎಕ್ಸ್. 330 ಎಚ್‌ಪಿ, ಅಂದರೆ ಅಷ್ಟು ಡ್ಯಾಮೇಜ್ ಆದರೆ ಬೀಳುತ್ತದೆ. ಎವಾಲ್ವ್ ಆದ (ಚಾರ್ಮಾಂಡರ್ ಎಂಬ ಚಿಕ್ಕ ಪೊಕೆಮಾನ್‌ನಿಂದ ಬೆಳೆದು ಬಂದ) ಕೂಡಲೇ ಡೆಕ್ಕಿನಿಂದ ಮೂರು ಫೈರ್ ಎನರ್ಜಿ ತನಕ ಎಳೆದು ನಮ್ಮ ಪೊಕೆಮಾನ್‌ಗಳಿಗೆ ಅಂಟಿಸಬಹುದು. ದಾಳಿ 180, ಅದರ ಮೇಲೆ ಎದುರಾಳಿ ಈವರೆಗೆ ಎತ್ತಿಕೊಂಡ ಪ್ರತಿ ಪ್ರೈಜಿಗೂ 30 ಸೇರುತ್ತದೆ. ಅಂದರೆ ನಾನು ಸೋಲಿನ ಹತ್ತಿರ ಹೋದಷ್ಟೂ ಅದರ ಏಟು ಜೋರಾಗುತ್ತದೆ. ಬಹಳ ಜನ ಈ 30 ಅನ್ನು ಸಮಾಧಾನದ ಬಹುಮಾನದ ಹಾಗೆ ನೋಡುತ್ತಾರೆ, ಹಿಂದೆ ಬಿದ್ದಾಗ ಕೈ ಹಿಡಿಯಲಿ ಅಂತ. ನನಗೆ ಅದು ಖರ್ಚು ಮಾಡಲು ಇರುವ ದುಡ್ಡಿನಂತೆ ಕಂಡಿತು.

ಖರ್ಚು ಮಾಡುವ ದಾರಿ ಸಿಕ್ಕಿದ್ದು 2024ರ ಆಗಸ್ಟ್‌ನಲ್ಲಿ, ಶ್ರೌಡೆಡ್ ಫೇಬಲ್ ಬಂದಾಗ. ಅದರಲ್ಲಿದ್ದ ಡಸ್ಕ್ಲಾಪ್ಸ್ ಎದುರಾಳಿಯ ಯಾವುದೇ ಒಂದು ಪೊಕೆಮಾನ್ ಮೇಲೆ 50 ಡ್ಯಾಮೇಜ್ ಇಟ್ಟು ತಾನೇ ಸಾಯುತ್ತದೆ. ಡಸ್ಕ್‌ನಾಯರ್ 130 ಇಟ್ಟು ಸಾಯುತ್ತದೆ. ಸತ್ತರೆ ಎದುರಾಳಿಗೆ ಒಂದು ಪ್ರೈಜ್. ಒಂದು ಪ್ರೈಜ್ ಹೋಯಿತೆಂದರೆ ಚಾರಿಜಾರ್ಡಿಗೆ 30 ಜಾಸ್ತಿ. ಹಾಗಾಗಿ ಡಸ್ಕ್ಲಾಪ್ಸ್ ನಿಜವಾಗಿ ಇಡುವುದು 80, ಡಸ್ಕ್‌ನಾಯರ್ 160.

ಲೆಕ್ಕ ಮಾಡಿ ನೋಡಿ. ಆ ಸೀಸನ್ನಿನಲ್ಲಿ ಎಲ್ಲೆಲ್ಲೂ ಇದ್ದ ರೇಜಿಂಗ್ ಬೋಲ್ಟ್ ಇಎಕ್ಸ್‌ಗೆ 240 ಎಚ್‌ಪಿ. ಎದುರಾಳಿ ಇನ್ನೂ ಒಂದು ಪ್ರೈಜನ್ನೂ ಎತ್ತಿಲ್ಲ ಅಂದುಕೊಳ್ಳಿ. ಬರೀ ಚಾರಿಜಾರ್ಡ್ 180 ಹೊಡೆದರೆ ಬೋಲ್ಟ್ ಬದುಕುತ್ತದೆ, ಮುಂದಿನ ಸರದಿಯಲ್ಲಿ ನನ್ನನ್ನೇ ಸುಡುತ್ತದೆ. ಅದೇ ಮೊದಲು ಡಸ್ಕ್ಲಾಪ್ಸ್ ಸಿಡಿಸಿದರೆ 50, ಆಮೇಲೆ ಚಾರಿಜಾರ್ಡ್ 210, ಒಟ್ಟು 260. ಒಂದು ಕೊಟ್ಟೆ, ಎರಡು ಎತ್ತಿದೆ. ರೆಜಿಡ್ರಾಗೊ ವಿಸ್ಟಾರ್‌ಗೆ 280 ಇರುವುದರಿಂದ ಇದೇ ಆಟಕ್ಕೆ ಅದು 20ರಲ್ಲಿ ಉಳಿದುಬಿಡುತ್ತದೆ. ಅಲ್ಲಿ ಡಸ್ಕ್‌ನಾಯರ್ ಬೇಕು, ಇಲ್ಲವೇ ಮೊದಲೇ ಒಂದು ಚಾರ್ಮಾಂಡರ್ ಬಲಿಯಾಗಿರಬೇಕು. ಚಾರಿಜಾರ್ಡ್ ವಿರುದ್ಧ ಚಾರಿಜಾರ್ಡ್ ಬಂದಾಗ 130 ಮತ್ತು 210 ಸೇರಿ 340, ಎದುರಿನದು 330. ಇಂಥ ಹತ್ತು ಹನ್ನೆರಡು ಅಂಕಿಗಳು ನಾಲಗೆಯ ತುದಿಯಲ್ಲಿರಬೇಕು. ಪಂದ್ಯದ ನಡುವೆ ಬೆರಳು ಮಡಚುತ್ತಾ ಕೂತರೆ ಎದುರಾಳಿಗೆ ನಮ್ಮ ಮನಸ್ಸು ಓದಲು ಬೇರೇನೂ ಬೇಡ.

ಮುಂದಿನ ತಿಂಗಳು ಸ್ಟೆಲ್ಲರ್ ಕ್ರೌನ್ ಸೆಟ್ ಬಂತು, ಅದರಲ್ಲಿ ಬ್ರಾಯರ್ ಎಂಬ ಸಪೋರ್ಟರ್, ಅಂದರೆ ಪೊಕೆಮಾನ್ ಅಲ್ಲದ ನೆರವಿನ ಕಾರ್ಡು. ಎದುರಾಳಿಗೆ ಸರಿಯಾಗಿ ಎರಡೇ ಪ್ರೈಜ್ ಉಳಿದಿದ್ದಾಗ ಮಾತ್ರ ಇದನ್ನು ಆಡಬಹುದು. ಆ ಸರದಿಯಲ್ಲಿ ನಮ್ಮ ಟೆರಾ ಎಂಬ ವಿಶೇಷ ಬಗೆಯ ಪೊಕೆಮಾನ್ ಹೊಡೆದು ಎದುರಿನ ಆ್ಯಕ್ಟಿವ್ ಅನ್ನು (ಮುಂದೆ ನಿಂತು ಹೋರಾಡುವ ಪೊಕೆಮಾನ್; ಉಳಿದವು ಹಿಂದೆ ಬೆಂಚಿನಲ್ಲಿ) ಕೆಡವಿದರೆ ಒಂದು ಪ್ರೈಜ್ ಹೆಚ್ಚು. ಚಾರಿಜಾರ್ಡ್ ಇಎಕ್ಸ್ ಟೆರಾ. ಅಂದರೆ ಒಂದು ಇಎಕ್ಸ್ ಬಿದ್ದರೆ ಮೂರು ಪ್ರೈಜ್.

‘ಸರಿಯಾಗಿ ಎರಡು’ ಎಂಬಲ್ಲೇ ಇರುವುದು ಆಟದ ರುಚಿ. ತಿಳಿದ ಎದುರಾಳಿ ಎರಡಕ್ಕೆ ಬಂದು ನಿಲ್ಲುವುದೇ ಇಲ್ಲ. ಮೂರರಲ್ಲಿ ನಿಂತು, ನನ್ನ ಇಎಕ್ಸ್ ಒಂದನ್ನು ಹೊಡೆದು ಸೀದಾ ಒಂದಕ್ಕೆ ಹಾರಲು ನೋಡುತ್ತಾನೆ. ಹಾರುವ ಮುಂಚೆ ನಾನೇ ಡಸ್ಕ್ಲಾಪ್ಸ್ ಸಿಡಿಸಿ ಅವನನ್ನು ಎರಡಕ್ಕೆ ತಂದು ನಿಲ್ಲಿಸುತ್ತೇನೆ. ಬೋರ್ಡಿನ ಮೇಲೆ ಡಸ್ಕ್ಲಾಪ್ಸ್ ಕೂತಿರುವವರೆಗೆ ಅವನಿಗೆ ಮೂರೂ ಅಪಾಯ, ಎರಡೂ ಅಪಾಯ. ಆದರೆ ಅವನಿಗೆ ಒಂದೇ ಉಳಿದಿದ್ದಾಗ ಡಸ್ಕ್ಲಾಪ್ಸ್ ಮುಟ್ಟಿದರೆ ಕೊನೆಯ ಪ್ರೈಜನ್ನು ನಮ್ಮ ಕೈಯಾರೆ ಕೊಟ್ಟ ಹಾಗೆ.

ನನಗೆ ತುಂಬ ಇಷ್ಟವಾದ ಮುಗಿತಾಯ ಹೀಗೆ: ಅವನಿಗೆ ಮೂರು ಉಳಿದಿವೆ, ನನಗೆ ನಾಲ್ಕು. ನೋಡುವವರಿಗೆ ನಾನು ಸೋಲುತ್ತಿದ್ದೇನೆ. ಡಸ್ಕ್‌ನಾಯರ್ ಸಿಡಿಸಿ ಅವನ ಬೆಂಚಿನ ಮೇಲಿದ್ದ ಚಿಕ್ಕ ಪೊಕೆಮಾನ್ ಒಂದನ್ನು ಕೆಡವುತ್ತೇನೆ: ಅವನಿಗೆ ಎರಡು, ನನಗೆ ಮೂರು. ಈಗ ಬ್ರಾಯರ್. ಆಮೇಲೆ ಅವನ ಬೆಂಚಿನಲ್ಲಿ ಅಡಗಿರುವ ಇಎಕ್ಸ್ ಒಂದನ್ನು ಮುಂದಕ್ಕೆ ಎಳೆದು 300 ಹೊಡೆಯುತ್ತೇನೆ. ಮೂರು ಪ್ರೈಜ್, ಆಟ ಮುಗಿಯಿತು. ಈ ಕ್ರಮ ತಪ್ಪುವಂತಿಲ್ಲ. ಸಿಡಿಸುವ ಮೊದಲೇ ಬ್ರಾಯರ್ ಆಡಲು ಹೋದರೆ ನಿಯಮ ಒಪ್ಪುವುದಿಲ್ಲ.

ಆ ‘ಮುಂದಕ್ಕೆ ಎಳೆದು’ ಅನ್ನುವುದೇ ಡೆಕ್ ಕಟ್ಟುವಾಗ ನನ್ನನ್ನು ಹೆಚ್ಚು ಕಾಡಿದ ವಿಷಯ. ಬೆಂಚಿನವರನ್ನು ಎಳೆಯಲು ಎಲ್ಲರೂ ಬಳಸುವುದು ಬಾಸ್‌ಸ್ ಆರ್ಡರ್ಸ್. ಅದು ಸಪೋರ್ಟರ್. ಬ್ರಾಯರ್ ಕೂಡ ಸಪೋರ್ಟರ್. ಒಂದು ಸರದಿಗೆ ಒಂದೇ ಸಪೋರ್ಟರ್. ಹಾಗಾಗಿ ಎಳೆಯುವ ಕೆಲಸ ಅಂಥ ಮಿತಿಯಿಲ್ಲದ ಐಟಂ ಕಾರ್ಡಿನಿಂದಲೇ ಆಗಬೇಕು. ಕೌಂಟರ್ ಕ್ಯಾಚರ್ ಐಟಂ, ಆದರೆ ಎದುರಾಳಿಗಿಂತ ನಮಗೆ ಹೆಚ್ಚು ಪ್ರೈಜ್ ಉಳಿದಿದ್ದರೆ ಮಾತ್ರ ನಡೆಯುತ್ತದೆ. ಬೇರೆ ಡೆಕ್‌ಗಳಿಗೆ ಅದು ಕಟ್ಟುಪಾಡು. ಹಿಂದೆ ಇರುವುದೇ ಯೋಜನೆಯಾಗಿರುವ ಈ ಡೆಕ್ಕಿಗೆ ಅದು ಕಟ್ಟುಪಾಡೇ ಅಲ್ಲ. ಎರಡು ಹಾಕಿದೆ. ಡೆಕ್ಕಿಗೆ ಒಂದೇ ಇರಬೇಕಾದ ಏಸ್ ಸ್ಪೆಕ್ ಜಾಗಕ್ಕೆ ಪ್ರೈಮ್ ಕ್ಯಾಚರ್ ಹಾಕಿದೆ, ಅದೂ ಐಟಂ. ಗೆಳೆಯರು ಎದುರಾಳಿಯ ಕೈಯನ್ನು ಎರಡು ಕಾರ್ಡಿಗೆ ಇಳಿಸುವ ಅನ್‌ಫೇರ್ ಸ್ಟ್ಯಾಂಪ್ ಚೆನ್ನ ಎಂದರು. ಚೆನ್ನಾಗಿದೆ, ನಿಜ, ಆದರೆ ಆ ಕೆಲಸಕ್ಕೆ ನನ್ನಲ್ಲಿ ಮೂರು ಐಯೋನೋ ಇದ್ದವು. ಐಯೋನೋ ಆಡಿದರೆ ಇಬ್ಬರೂ ಕೈಯಲ್ಲಿದ್ದದ್ದನ್ನು ಡೆಕ್ಕಿನ ಅಡಿಗೆ ಹಾಕಿ, ತಂತಮ್ಮ ಉಳಿದ ಪ್ರೈಜಿನಷ್ಟು ಕಾರ್ಡು ಎಳೆಯಬೇಕು. ಅವನಿಗೆ ಎರಡು ಉಳಿದಿದ್ದರೆ ಎರಡೇ ಕಾರ್ಡು. ನನ್ನ ಬೆಂಚಿನಲ್ಲಿ ಪಿಜೆಟ್ ಇಎಕ್ಸ್ ಇದ್ದರೆ ಪ್ರತಿ ಸರದಿ ಡೆಕ್ಕಿನಿಂದ ಬೇಕಾದ ಒಂದು ಕಾರ್ಡು ಹುಡುಕಿ ತೆಗೆಯುತ್ತೇನೆ. ಕೈ ಇಬ್ಬರದೂ ಬರಿದಾದರೂ ನನ್ನದು ಬರಿದಾಗುವುದಿಲ್ಲ.

ಉಳಿದದ್ದು ಸಂಖ್ಯೆಗಳ ಕೆಲಸ. ನನ್ನ ಡೆಕ್ಕಿನಲ್ಲಿ ಬೇಸಿಕ್ ಪೊಕೆಮಾನ್ (ಎವಾಲ್ವ್ ಮಾಡದೆ ನೇರವಾಗಿ ಇಳಿಸಬಹುದಾದವು) ಹತ್ತು: ಮೂರು ಚಾರ್ಮಾಂಡರ್, ಎರಡು ಪಿಜಿ (ಪಿಜೆಟ್‌ನ ಮೊದಲ ರೂಪ), ಎರಡು ಡಸ್ಕಲ್ (ಡಸ್ಕ್‌ನಾಯರ್‌ನ ಮೊದಲ ರೂಪ), ಒಂದೊಂದು ರೋಟಮ್ ವಿ, ಲೂಮಿನಿಯನ್ ವಿ, ಫೆಜಾಂಡಿಪಿಟಿ ಇಎಕ್ಸ್. ಹತ್ತು ಬೇಸಿಕ್ ಇದ್ದರೆ ಮೊದಲ ಏಳು ಕಾರ್ಡಿನಲ್ಲಿ ಒಂದೂ ಬಾರದೆ ಮಲಿಗನ್ ಆಗುವ (ಏಳನ್ನೂ ಮತ್ತೆ ಎಳೆಯಬೇಕಾಗುವ) ಸಾಧ್ಯತೆ ಸುಮಾರು 26%. ಒಂಬತ್ತಕ್ಕೆ ಇಳಿಸಿದರೆ 30%, ಹನ್ನೊಂದಕ್ಕೆ ಏರಿಸಿದರೆ 22%. ಮಲಿಗನ್ ಆದಾಗೆಲ್ಲ ಎದುರಾಳಿ ಒಂದು ಕಾರ್ಡು ಹೆಚ್ಚು ಎಳೆಯಬಹುದು, ಹಾಗಾಗಿ ಇದನ್ನು ಕಡೆಗಣಿಸುವಂತಿಲ್ಲ. ಆದರೂ ಹನ್ನೊಂದನೆಯದಕ್ಕೆ ನಾನು ಜಾಗ ಕೊಡಲಿಲ್ಲ. ಬೆಂಚಿನಲ್ಲಿ ಐದೇ ಜಾಗ, ಮತ್ತು ರೋಟಮ್ ವಿ, ಲೂಮಿನಿಯನ್ ವಿ ಎರಡೂ ತಲೆಗೆರಡು ಪ್ರೈಜಿನ ಮೃದುವಾದ ಗುರಿಗಳು. ಪ್ರೈಜ್ ಕೊಡುವುದೇ ಯೋಜನೆ ಎಂದರೂ, ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬುದು ನನ್ನ ಕೈಯಲ್ಲಿರಬೇಕು. ಲೂಮಿನಿಯನ್ ಇಳಿಸಿದರೆ ಸಪೋರ್ಟರ್ ಒಂದು ಸಿಗುತ್ತದೆ, ಆದರೆ ಅವನು ಅದನ್ನು ಎಳೆದು ಕೆಡವಿ ಮೂರರಿಂದ ಒಂದಕ್ಕೆ ಹಾರುತ್ತಾನೆ. ಬ್ರಾಯರ್ ಕೈಯಲ್ಲೇ ಕೊಳೆಯುತ್ತದೆ.

ಫೈರ್ ಎನರ್ಜಿ ಆರು. ಮೊದಲ ಚಾರಿಜಾರ್ಡ್ ಮೂರು ಎಳೆದರೆ ಎರಡನೆಯದಕ್ಕೆ ಮೂರು. ಒಂದೆರಡು ಪ್ರೈಜಿನಲ್ಲಿ ಸಿಕ್ಕಿಕೊಂಡರೆ ಎರಡನೆಯದು ಹಸಿದು ಕೂರುತ್ತದೆ. ಸೂಪರ್ ರಾಡ್ ಇಟ್ಟದ್ದು ಅದಕ್ಕೇ. ನೈಟ್ ಸ್ಟ್ರೆಚರ್ ಹೊಸದಾಗಿ ಬಂದು ಎಲ್ಲರೂ ಅದನ್ನೇ ಹಾಕುತ್ತಿದ್ದರು. ಅದು ಡಿಸ್ಕಾರ್ಡಿನಿಂದ (ಬಳಸಿ ಬಿಟ್ಟ ಕಾರ್ಡುಗಳ ರಾಶಿಯಿಂದ) ಒಂದು ಕಾರ್ಡನ್ನು ಕೈಗೆ ತರುತ್ತದೆ. ಚಾರಿಜಾರ್ಡಿಗೆ ಎನರ್ಜಿ ಕೈಯಲ್ಲಿದ್ದು ಪ್ರಯೋಜನವಿಲ್ಲ, ಡೆಕ್ಕಿನಲ್ಲಿರಬೇಕು. ಸೂಪರ್ ರಾಡ್ ಮೂರನ್ನು ವಾಪಸ್ ಡೆಕ್ಕಿಗೇ ಸೇರಿಸುತ್ತದೆ.

ಒಂದೇ ಪ್ರತಿ ಇರುವ ಯಾವ ಕಾರ್ಡಾದರೂ ಹತ್ತರಲ್ಲಿ ಒಂದು ಆಟದಲ್ಲಿ ಪ್ರೈಜಿನೊಳಗೆ ಸೇರಿರುತ್ತದೆ. 60ಕ್ಕೆ ಆರು, ಅಷ್ಟೇ ಲೆಕ್ಕ. ಬ್ರಾಯರ್ ಒಂದೇ, ಡಸ್ಕ್‌ನಾಯರ್ ಒಂದೇ. ಆದ್ದರಿಂದ ಡೆಕ್ ಹುಡುಕುವ ಮೊದಲ ಅವಕಾಶ ಬಂದಾಗ ಬೇಕಾದ ಕಾರ್ಡನ್ನು ತೆಗೆಯುವ ಮುಂಚೆ ಡೆಕ್ಕಿನಲ್ಲಿ ಏನಿಲ್ಲ ಎಂದು ಎಣಿಸುತ್ತೇನೆ. ಎಲ್ಲ 60ನ್ನೂ ನೆನಪಿಡುವುದಿಲ್ಲ. ನನ್ನ ಕ್ರಮ ಇದು: ಪಿಜೆಟ್ ಎರಡಿವೆಯಾ, ಚಾರಿಜಾರ್ಡ್ ಎಷ್ಟಿವೆ, ಬ್ರಾಯರ್, ಡಸ್ಕ್‌ನಾಯರ್, ಆಮೇಲೆ ನಡುವಿನ ಹಂತ ಬಿಟ್ಟು ಎವಾಲ್ವ್ ಮಾಡಿಸುವ ರೇರ್ ಕ್ಯಾಂಡಿ, ಕೊನೆಗೆ ಎನರ್ಜಿ. ಬ್ರಾಯರ್ ಪ್ರೈಜಿನಲ್ಲಿದೆ ಎಂದು ಮೊದಲ ಸರದಿಯಲ್ಲೇ ಗೊತ್ತಾದರೆ ಆಟದ ಧಾಟಿಯೇ ಬೇರೆ. ಎರಡೆರಡು ಪ್ರೈಜಿನ ಮೂರು ಏಟಿಗೆ ದಾರಿ ಹುಡುಕಬೇಕು, ಹುಚ್ಚಾಪಟ್ಟೆ ಪ್ರೈಜ್ ಬಿಟ್ಟುಕೊಡುವಂತಿಲ್ಲ. ಅಭ್ಯಾಸಕ್ಕೆ ಮನೆಯಲ್ಲಿ ಒಬ್ಬನೇ ಕೂತು ಏಳು ಎಳೆದು, ಆರು ಪಕ್ಕಕ್ಕಿಟ್ಟು, ಡೆಕ್ ನೋಡಿ ಆ ಆರನ್ನು ಊಹಿಸಿ ತೆರೆದು ನೋಡುತ್ತಿದ್ದೆ. ಬೇಸರದ ಕೆಲಸ. ಆದರೆ ನೂರು ಆಟ ಆಡಿದ್ದಕ್ಕಿಂತ ಹೆಚ್ಚು ಉಪಯೋಗ ನನಗೆ ಆದದ್ದು ಇದರಿಂದ.

ಮ್ಯಾಚಪ್‌ಗಳಲ್ಲಿ (ಯಾವ ಡೆಕ್ ಎದುರು ಹೇಗೆ ಆಡುವುದು ಎಂಬುದರಲ್ಲಿ) ಗಾರ್ಡೆವಾಯರ್ ಡೆಕ್ ಬಗ್ಗೆ ಮಾತ್ರ ನಿಂತು ಹೇಳಬೇಕು. ಅದನ್ನು ಆಡುವವರು ಮುಂದೆ ತರುವುದು ಡ್ರಿಫ್ಲೂನ್, ಸ್ಕ್ರೀಮ್ ಟೇಲ್‌ನಂಥ ಒಂದೇ ಪ್ರೈಜಿನ ಸಣ್ಣ ಪೊಕೆಮಾನ್. 70 ಎಚ್‌ಪಿಯ ಡ್ರಿಫ್ಲೂನ್‌ಗೆ 270 ಹೊಡೆದರೂ ಸಿಗುವುದು ಒಂದೇ. ನನ್ನ ಹೆಚ್ಚುವರಿ ಡ್ಯಾಮೇಜ್ ಎಲ್ಲ ನೀರಿನಲ್ಲಿ ಹೋಮ. ಅಲ್ಲಿ ಡಸ್ಕ್‌ನಾಯರ್ ಅನ್ನು ಕೊನೆಗೆ ಉಳಿಸದೆ ಬೇಗ ಬಳಸಿ ಕಿರ್ಲಿಯಾ ಒಂದನ್ನು ತೆಗೆದರೆ ಅವರ ಕಾರ್ಡ್ ಎಳೆಯುವ ಯಂತ್ರ ಕುಂಟುತ್ತದೆ. ಆಮೇಲೆ ಐಯೋನೋ ಮೇಲೆ ನಂಬಿಕೆ ಇಡಬೇಕು. ಐರನ್ ಥಾರ್ನ್ಸ್ ಇಎಕ್ಸ್ ಎದುರಿದ್ದರೆ ಪಿಜೆಟ್ಟೂ ಚಾರಿಜಾರ್ಡೂ ತಮ್ಮ ಎಬಿಲಿಟಿ (ದಾಳಿಯಲ್ಲದ ವಿಶೇಷ ಶಕ್ತಿ) ಕಳೆದುಕೊಳ್ಳುತ್ತವೆ, ಆದರೆ ರೂಲ್ ಬಾಕ್ಸ್ (ಇಎಕ್ಸ್, ವಿ ಕಾರ್ಡುಗಳ ಮೇಲಿರುವ ವಿಶೇಷ ನಿಯಮದ ಚೌಕ) ಇಲ್ಲದ ಡಸ್ಕ್‌ನಾಯರ್‌ಗೆ ಅದರ ಹಂಗಿಲ್ಲ. ಆ ಪಂದ್ಯಕ್ಕೆಂದೇ ಎನರ್ಜಿಯನ್ನು ಕೈಯಿಂದ ಒಂದೊಂದಾಗಿ ಅಂಟಿಸುವ ತಾಳ್ಮೆ ಕಲಿಯಬೇಕಾಯಿತು.

ಗಡಿಯಾರವೂ ಒಬ್ಬ ಎದುರಾಳಿ. ಟೂರ್ನಿಯ ಸ್ವಿಸ್ ರೌಂಡಿನಲ್ಲಿ (ಸೋತವರೂ ಹೊರಬೀಳದೆ ಆಡುವ ಸುತ್ತು) ಮೂರು ಆಟದ ಪಂದ್ಯಕ್ಕೆ 50 ನಿಮಿಷ, ಮುಗಿದ ಮೇಲೆ ಮೂರು ಹೆಚ್ಚುವರಿ ಸರದಿ. ಗೆದ್ದರೆ 3 ಅಂಕ, ಟೈ ಆದರೆ 1. ಪಿಜೆಟ್ ಪ್ರತಿ ಸರದಿ ಡೆಕ್ ಹುಡುಕುತ್ತದೆ, ಹುಡುಕಿದಾಗಲೆಲ್ಲ ಶಫಲ್, ಶಫಲ್ ಮಾಡಿದಾಗಲೆಲ್ಲ ಎದುರಾಳಿಗೆ ಕಟ್ ಮಾಡಲು ಕೊಡುವುದು. ನಿಧಾನದ ಡೆಕ್. ಅದಕ್ಕೆ ನಾನು ಎದುರಾಳಿ ಆಡುವಾಗಲೇ ಈ ಸರದಿ ಪಿಜೆಟ್ಟಿನಿಂದ ಏನು ತೆಗೆಯಬೇಕು ಎಂದು ತೀರ್ಮಾನಿಸಿರುತ್ತಿದ್ದೆ, ಮತ್ತು ಮೊದಲ ಆಟ ಕೈ ಮೀರಿತು ಎಂದು ಖಚಿತವಾದ ಕ್ಷಣವೇ ಬಿಟ್ಟುಕೊಡುತ್ತಿದ್ದೆ. ಆರನೇ ಪ್ರೈಜ್ ಎತ್ತುವವರೆಗೆ ಕಾಯುವುದು ಸ್ವಾಭಿಮಾನಕ್ಕೆ ಸರಿ, ಉಳಿದ ಎರಡು ಆಟಗಳಿಗೆ ಅಲ್ಲ. ಇದಕ್ಕೆ ಒಪ್ಪದವರು ಬಹಳ ಜನ ಇದ್ದಾರೆ. ಹಿಂದಿನಿಂದ ಬಂದು ಗೆಲ್ಲುವ ಡೆಕ್ ಹಿಡಿದು ಬೇಗ ಸೋಲೊಪ್ಪುವುದು ಏನು ನ್ಯಾಯ ಎಂದು ಕೇಳುತ್ತಾರೆ. ಬೋರ್ಡಿನಲ್ಲಿ ಪಿಜೆಟ್ ಇದ್ದರೆ ನಾನೂ ಬಿಡುವುದಿಲ್ಲ. ಪಿಜೆಟ್ ಇಲ್ಲದೆ, ಅವನಿಗೆ ಎರಡು ಉಳಿದಿದ್ದು, ನನ್ನ ಕೈಯಲ್ಲಿ ಐಯೋನೋ ಕೂಡ ಇಲ್ಲದಿದ್ದರೆ ಎದ್ದುಬಿಡುತ್ತೇನೆ.

2025ರ ಏಪ್ರಿಲ್ ರೊಟೇಶನ್ನಿನಲ್ಲಿ (ಹಳೆಯ ಕಾರ್ಡುಗಳನ್ನು ಸ್ಪರ್ಧೆಯಿಂದ ತೆಗೆಯುವ ಸಮಯ) ರೋಟಮ್ ವಿ, ಲೂಮಿನಿಯನ್ ವಿ, ಜೊತೆಗೆ ಫಾರೆಸ್ಟ್ ಸೀಲ್ ಸ್ಟೋನ್ ಎಂಬ ಕಾರ್ಡು ಸ್ಟ್ಯಾಂಡರ್ಡ್ ಎಂಬ ಸ್ಪರ್ಧಾ ಮಾದರಿಯಿಂದ ಹೋದವು. ಮೊದಲ ಸರದಿಗಳ ಬೆನ್ನೆಲುಬೇ ಮುರಿಯಿತು ಎಂದು ಅನೇಕರು ಡೆಕ್ ಬಿಟ್ಟರು. ನಾನು ಆ ಜಾಗಕ್ಕೆ ಫ್ಯಾನ್ ರೋಟಮ್ ತಂದೆ: ಮೊದಲ ಸರದಿಯಲ್ಲಿ ಅದು 100 ಎಚ್‌ಪಿ ಒಳಗಿನ ಮೂರು ಕಲರ್‌ಲೆಸ್ ಪೊಕೆಮಾನ್ ಕೈಗೆ ಕೊಡುತ್ತದೆ, ಪಿಜಿ ಕೂಡ ಕಲರ್‌ಲೆಸ್ಸೇ. ಜೊತೆಗೆ ಹೂಟ್‌ಹೂಟ್, ನಾಕ್ಟೌಲ್ ಹಾಕಿ ನೋಡಿದೆ. ಟೆರಾ ಬೋರ್ಡಿನಲ್ಲಿದ್ದರೆ ನಾಕ್ಟೌಲ್ ಎರಡು ಟ್ರೇನರ್ ಕಾರ್ಡು ತರುತ್ತದೆ, ಬ್ರಾಯರ್ ಮತ್ತು ಕೌಂಟರ್ ಕ್ಯಾಚರ್ ಒಟ್ಟಿಗೇ ಕೈಗೆ ಬಂದಾಗ ಬೇರೇನು ಬೇಕು ಅನಿಸುತ್ತದೆ. ತೊಂದರೆ ಬೆಂಚಿನದು: ಪಿಜೆಟ್, ಎರಡನೇ ಚಾರಿಜಾರ್ಡ್, ಡಸ್ಕಲ್, ನಾಕ್ಟೌಲ್, ಫ್ಯಾನ್ ರೋಟಮ್ ಎಂದರೆ ಐದೂ ತುಂಬಿ ಫೆಜಾಂಡಿಪಿಟಿಗೆ ಜಾಗವೇ ಇಲ್ಲ. ಕೊನೆಗೆ ನಾಕ್ಟೌಲ್ ತೆಗೆದೆ. ಫ್ಯಾನ್ ರೋಟಮ್ ಉಳಿದುಕೊಂಡಿತು, ಸಾಯಬೇಕಾದ ಹೊತ್ತಿಗೆ ಒಂದೇ ಪ್ರೈಜಿಗೆ ಸಾಯುತ್ತದೆ ಅನ್ನುವ ಕಾರಣಕ್ಕೂ.